ಕಹಳೆ ಎಲ್ಲಿತ್ತು ಮಾರಾಯ

ಮೊದಲು ಬರೆದದ್ದು ಹೀಗೆ:
'ಮೊಳಗಿತು ರಣಕಹಳೆ ಮರಳುಗಾಡಿನ ಎದೆಯಲ್ಲಿ.'
ಮಮ್ಮುಂಞಿ ಓದಿಸಿ ಕೇಳಿದ,
ಬೇಕರಿಯ ಹಿಟ್ಟು ಮೆತ್ತಿದ ಕೈ ಲುಂಗಿಗೆ ಒರೆಸುತ್ತ:
ಕಹಳೆ ಎಲ್ಲಿತ್ತು ಮಾರಾಯ?
ನನಗೆ ಕೇಳಿದ್ದು ಫ್ರಿಜ್ಜು ನಿಂತದ್ದು.

ಹೌದು. ಗುರುವಾರ, ಬೆಳಗಿನ ಜಾವ,
ಫರ್ವಾನಿಯಾದ ಮೂರನೇ ಮಹಡಿ,
ಒಂದು ಕೋಣೆಗೆ ಒಂಬತ್ತು ಚಾಪೆ.
ಏಸಿ ಒಮ್ಮೆ ಕೆಮ್ಮಿ ಸುಮ್ಮನಾಯಿತು,
ಬೆವರಿಗೆ ಎಲ್ಲರೂ ಎದ್ದೆವು.

ಕಿಟಕಿಯಾಚೆ ಮರಳುಗಾಡೂ ಇರಲಿಲ್ಲ.
ಇದ್ದದ್ದು ಲಾಂಡ್ರಿ, ಬಕಾಲಾ, ಒಂದು ಕ್ಷೌರದಂಗಡಿ.
ಮೂರಕ್ಕೂ ಬೋರ್ಡು ಬರೆದವನು ನಾನು,
ಅರ್ಥ ಗೊತ್ತಿಲ್ಲದ ಅಕ್ಷರಗಳನ್ನು ಬಲದಿಂದ ಎಡಕ್ಕೆ.
ಒಂದು ಚುಕ್ಕಿ ತಪ್ಪಿದರೂ ಕೂಲಿ ಇಲ್ಲ.

'ಕದನ' ಎಂದು ಬರೆದೆ, ಹೊಡೆದುಹಾಕಿದೆ.
ಆ ಮಾತಿಗೆ ಆನೆ ಬೇಕು, ಶಂಖ ಬೇಕು,
ಹೊತ್ತು ಮುಳುಗಿದರೆ ನಿಲ್ಲಿಸುವ ಮರ್ಯಾದೆ ಬೇಕು.
'ಸಮರ' ಎಂದರೆ ಚೆಂಡೆ ಕೇಳಿಸುತ್ತದೆ.
ಇಲ್ಲಿ ಟ್ಯಾಂಕು ಸಿಗ್ನಲ್ಲಿನಲ್ಲಿ ನಿಂತಿತ್ತು,
ಕೆಂಪು ದೀಪಕ್ಕೆ. ದೇವರಾಣೆ.
ಹಸಿರಾದ ಮೇಲೆಯೇ ಹೋಯಿತು.

ಊರಿಗೆ ಬರೆದ ಕಾಗದದಲ್ಲಿ (ಹೋಗಲಿಲ್ಲ ಅದು,
ಅಂಚೆ ಆಗಲೇ ಮುಚ್ಚಿತ್ತು)
'ಇಲ್ಲಿ ಸ್ವಲ್ಪ ಗಲಾಟೆ' ಎಂದಿದ್ದೆ.
ಈಗ ಅನಿಸುತ್ತದೆ, ಅದೇ ಸರಿಯಾದ ಪದ.
ಗಲಾಟೆ: ಪೇಟೆಯಲ್ಲಿ ಆಗುವಂಥದ್ದು, ನಮ್ಮದಲ್ಲದ್ದು,
ಶಟರು ಅರ್ಧ ಎಳೆದು
ಮುಗಿಯಲಿ ಎಂದು ಕಾಯುವಂಥದ್ದು.
ಅದರ ಹಿಂದಿನ 'ಸ್ವಲ್ಪ'
ಅಮ್ಮನಿಗೆ.

ಕಾಲ ತಿಳಿಯಲು ತಾರೀಕು ಬೇಡ,
ರೊಟ್ಟಿ ಹಾಕು ಸಾಕು, ಅಂದ ಮಮ್ಮುಂಞಿ.
ಹಾಕಿದೆ:
ಮೊದಲ ವಾರ ಖುಬ್ಸು, ಕಟ್ಟಿಗೆ ಐದು.
ಎರಡನೇ ವಾರ ಸಾಲು, ತಲೆಗೆ ಎರಡು ಖುಬ್ಸು.
ಮೂರನೇ ವಾರ ಸಾಲು.

ಆಮೇಲೆ ಆ ರಾತ್ರಿ.
ಅಬು ಮಿಶಾರಿ ಬಾಗಿಲು ಬಡಿದ,
ಕೈಯಲ್ಲಿ ಕಪ್ಪು ಪೇಂಟಿನ ಡಬ್ಬ.
ಅಳಿಸು. ಬೀದಿಯ ಹೆಸರು, ಮನೆಯ ನಂಬರು, ಎಲ್ಲ.
ಹುಡುಕಿಕೊಂಡು ಬರುವವರ ಜೇಬಿನಲ್ಲಿ ವಿಳಾಸಗಳಿವೆ.
ಹಿಂದಿನ ರಂಜಾನಿನಲ್ಲಿ ನೆರಳು ಕೊಟ್ಟು
ಚಂದ ಮಾಡಿ ಬರೆದ ಅವನ ಮನೆಯ ಹದಿನೇಳನ್ನು
ನಾನೇ ಕಪ್ಪಿಗೆ ನುಂಗಿಸಿದೆ.
ಏಣಿ ಹಿಡಿದವನು ಮಮ್ಮುಂಞಿ.
ಬೆಳಗಾಗುವಷ್ಟರಲ್ಲಿ ನಾಲ್ಕು ಬೀದಿಗಳು
ಎಲ್ಲಿಯೂ ಇರಲಿಲ್ಲ.

ಮಧ್ಯಾಹ್ನ ಒಬ್ಬ ಸೈನಿಕ ಬಂದ,
ಮೀಸೆ ಸರಿಯಾಗಿ ಮೂಡದ ಹುಡುಗ,
ಒಂದು ಬೂಟಿಗೆ ಲೇಸಿನ ಬದಲು ಕರೆಂಟಿನ ವಯರು.
ಇದು ಎಲ್ಲಿ, ಎಂದು ಕೇಳಿದ.
'ಮಾಫಿ ಮಾಲೂಮ್' ಎಂದೆ. ಗೊತ್ತಿಲ್ಲ.
ತನಗೂ ಗೊತ್ತಿಲ್ಲ ಎಂಬಂತೆ ತಲೆಯಾಡಿಸಿ
ಖುಬ್ಸು ಇದೆಯಾ ಅಂದ.

ಅರಿ, ಹಗೆ, ವೈರಿ, ಶತ್ರು.
ನಾಲ್ಕನ್ನೂ ಹಾಕಿ ನೋಡಿದೆ ಅವನಿಗೆ,
ಅಣ್ಣನ ಅಂಗಿಯಂತೆ ತೋಳು ಉದ್ದವಾಯಿತು.
ಆದರೆ ಎರಡು ದಿನ ಬಿಟ್ಟು
ನಂಬರಿಲ್ಲದ ಆ ಮನೆಯನ್ನೇ ಹೇಗೋ ಹುಡುಕಿ
ಅಬು ಮಿಶಾರಿಯ ಮಗನನ್ನು ಬರಿಗಾಲಲ್ಲಿ
ಜೀಪು ಹತ್ತಿಸಿದವರಲ್ಲಿ ಅವನಿದ್ದನೋ?
ಮಾಫಿ ಮಾಲೂಮ್.

ಬಸ್ಸು, ಬಾಗ್ದಾದು, ಅಮ್ಮಾನಿನ ದಾರಿಯ ಡೇರೆ,
ಚೇಳು, ನೀರಿನ ಟ್ಯಾಂಕರು, ವಿಮಾನ.
ಇವಕ್ಕೆ ಪದ ಹುಡುಕಬೇಕಾಗಲಿಲ್ಲ,
ತಾವಾಗಿಯೇ ಹೆಸರು ಹೊತ್ತುಕೊಂಡು ಬಂದವು.

ಮೂವತ್ತು ವರ್ಷದ ಮೇಲೆ ತಿದ್ದುತ್ತ ಕೂತಿದ್ದೇನೆ.
ಮಮ್ಮುಂಞಿ ಇದ್ದಿದ್ದರೆ ಇನ್ನಷ್ಟು ಕಡಿಯುತ್ತಿದ್ದ.
ಕವಿತೆಗೆ ಜಾಗ ಬೇಕು, ಓದಿದವರಿಗೆ
ಇಂಥಲ್ಲಿ ಎಂದು ತಿಳಿಯಬೇಕು, ನಿಜ.
ಹಾಗಾಗಿ ಫರ್ವಾನಿಯಾ ಎಂದೆ, ಮೂರನೇ ಮಹಡಿ ಎಂದೆ,
ಯೋಚಿಸದೆ
ಹದಿನೇಳು ಎಂದೂ ಬರೆದುಬಿಟ್ಟೆ ಮೇಲೆ.

ಬೀದಿಯ ಹೆಸರು ಕೇಳಬೇಡಿ.